ಕ್ಲಿಕ್ಕಣ್ಣನಿಗೆ ಲೆನ್ಸ್ ಹಾಕಿಸುವ ಪ್ರಸಂಗ

ಕ್ಲಿಕ್ಕಣ್ಣ ತೆಗೆದ ಹದ್ದಿನ ಫೋಟೋದಲ್ಲಿ ಹದ್ದು ಎಲ್ಲಿದೆ ಎಂದು ಬಸ್ ಡಿಪೋದ ಜನರೆಲ್ಲ ಸೇರಿ ಹುಡುಕಿದರು. ಮೆಕ್ಯಾನಿಕ್ಕು ಕನ್ನಡಕ ಒರೆಸಿಕೊಂಡು ನೋಡಿದ. ಕಂಡಕ್ಟರು ಫೋಟೋವನ್ನು ತಲೆಕೆಳಗು ಮಾಡಿ ನೋಡಿದ. ಕೊನೆಗೆ ಯಾರೋ ಆಕಾಶದ ಮೂಲೆಯಲ್ಲಿದ್ದ ಚುಕ್ಕಿಯೊಂದನ್ನು ತೋರಿಸಿ "ಇದೇನಾ?" ಎಂದರು. "ಹೂಂ, ಅದೇ! ರೆಕ್ಕೆ ಬಿಚ್ಚಿರೋ ಗತ್ತು ನೋಡಿ" ಎಂದು ಕ್ಲಿಕ್ಕಣ್ಣ ಎದೆಯುಬ್ಬಿಸಿದ. ಮೆಕ್ಯಾನಿಕ್ಕು ಆ ಚುಕ್ಕಿಯನ್ನು ಉಗುರಿನಿಂದ ಕೆರೆದ. ಹದ್ದು ಉಗುರಿನ ಜೊತೆ ಎದ್ದು ಬಂತು. ಅದು ಮೆಕ್ಯಾನಿಕ್ಕನ ಕೈಯಿಂದಲೇ ಅಂಟಿದ್ದ ಗ್ರೀಸು.

ಕ್ಲಿಕ್ಕಣ್ಣ ವೃತ್ತಿಯಿಂದ ಬಸ್ ಡ್ರೈವರು. ಇಪ್ಪತ್ತು ವರ್ಷದಿಂದ ಸ್ಟೀರಿಂಗ್ ಹಿಡಿದವನು, ಒಂದು ಕೋಳಿಯ ಪುಕ್ಕವನ್ನೂ ಕೊಂಕಿಸಿದವನಲ್ಲ. ಬಿಡುವು ಸಿಕ್ಕಿದರೆ ಕುತ್ತಿಗೆಗೆ ಹಳೇ ಕ್ಯಾಮೆರಾ ನೇತುಹಾಕಿಕೊಂಡು ಕೆರೆಯ ಕಡೆ ಹೊರಡುತ್ತಿದ್ದ. ಆದ್ದರಿಂದಲೇ ಆ ಅಡ್ಡಹೆಸರು. ಅದರಲ್ಲಿ 'ಕ್ಲಿಕ್' ಜೊತೆ ಅಣ್ಣ ಸೇರಿದ್ದಾನೋ ಕಣ್ಣು ಸೇರಿದೆಯೋ ಎಂಬುದನ್ನು ವ್ಯಾಕರಣ ಬಲ್ಲವರು ತೀರ್ಮಾನಿಸಬೇಕು. ನಮ್ಮ ಕಥೆಯ ಮಟ್ಟಿಗಂತೂ ಎಲ್ಲರೂ ಕಣ್ಣನ್ನೇ ಹಿಡಿದುಕೊಂಡರು.

ಗ್ರೀಸಿನ ಹದ್ದು ಕೊಟ್ಟ ಅವಮಾನ ಸಾಲದು ಎಂಬಂತೆ, ಮುಂದಿನ ಭಾನುವಾರ ಡಿಪೋದ ಫುಟ್‌ಬಾಲ್ ತಂಡ ಫೈನಲ್ ಆಡುವುದಿತ್ತು. ಹಿಂದಿನ ವರ್ಷವೂ ಪಂದ್ಯದ ಫೋಟೋ ತೆಗೆದವನು ಕ್ಲಿಕ್ಕಣ್ಣನೇ. ಅದರಲ್ಲಿ ಆಟಗಾರರು ಸಕ್ಕರೆಗೆ ಮುತ್ತಿದ ಇರುವೆಗಳ ಹಾಗಿದ್ದರು. ಗೋಲು ಕಂಬದ ಹಾಗೆ ಕಾಣುತ್ತಿದ್ದದ್ದು ಡಿಪೋ ಮ್ಯಾನೇಜರು ಎಂಬುದು ತಿಂಗಳಾದ ಮೇಲೆ ಗೊತ್ತಾಯಿತು. "ಈ ಸಲ ಗೋಲ್‌ಕೀಪರ್ ಮೂಗಿನ ಮೇಲಿರೋ ಬೆವರೂ ಕಾಣ್ಬೇಕು, ಹಂಗೆ ತೆಗೀತೀನಿ" ಎಂದು ಕ್ಯಾಂಟೀನಿನಲ್ಲಿ ಕ್ಲಿಕ್ಕಣ್ಣ ಘೋಷಿಸಿಬಿಟ್ಟ. ಘೋಷಿಸಿದ ಮೇಲೆ ನೆನಪಾಯಿತು, ಅದಕ್ಕೆ ದೂರದ್ದನ್ನು ಹತ್ತಿರ ಎಳೆಯುವ ಉದ್ದನೆಯ ಲೆನ್ಸ್ ಬೇಕು. ಅಂಥದ್ದೊಂದರ ಬೆಲೆ ವಿಚಾರಿಸಿದಾಗ, ಅಂಗಡಿಯವನು ಲೆನ್ಸಿನ ಬೆಲೆ ಹೇಳುತ್ತಿದ್ದಾನೋ ಬಸ್ಸಿನದೋ ಎಂದು ಅನುಮಾನ ಬಂತು.

ಹಾಗಾಗಿ ಅವನು ಅಗ್ಗದ ದಾರಿ ಹಿಡಿದ. ಹೊಸದು ಒಂದಿತ್ತು, ಬೆಲೆ ಪರವಾಗಿಲ್ಲ, ಆದರೆ ಮೋಡ ಕವಿದರೆ ಸಾಕು ಚಿತ್ರವೆಲ್ಲ ಮಂಕು. ಇನ್ನೊಂದು ಸೆಕೆಂಡ್ ಹ್ಯಾಂಡು, ಗಾಜು ಒಳ್ಳೆಯದು, ಆದರೆ ಹಳೇ ಕ್ಯಾಮೆರಾದ 'ಬಾಡಿ'ಗೆ ಕೂರುತ್ತದೋ ಇಲ್ಲವೋ ತಿಳಿಯದು. ಯಾವುದನ್ನು ತೆಗೆದುಕೊಳ್ಳುವುದು ಎಂದು ಕೇಳಲು ಅವನು ಕ್ಯಾಮೆರಾ ಅಂಗಡಿಯವನಿಗೆ ಫೋನ್ ಮಾಡಿದ. ಮನೆಯಲ್ಲಿ ಮಾಡುವಂತಿರಲಿಲ್ಲ. ಕ್ಯಾಮೆರಾ ಎಂಬ ಶಬ್ದ ಕಿವಿಗೆ ಬಿದ್ದರೆ ಹೆಂಡತಿ ಪಾತ್ರೆಗಳನ್ನು ಬೇರೆಯೇ ಸದ್ದಿನಲ್ಲಿ ತೊಳೆಯುತ್ತಿದ್ದಳು. ಮಾಳಿಗೆಗೆ ಹತ್ತಿ, ನೀರಿನ ಟ್ಯಾಂಕಿನ ಹಿಂದೆ ನಿಂತು, ಗುಟ್ಟಾಗಿ ಮಾತಾಡಿದ. ಗುಟ್ಟು ಎಂದರೆ ಅವನ ಲೆಕ್ಕದ ಗುಟ್ಟು. ಬಸ್ಸಿನ ಇಂಜಿನ್ ಸದ್ದಿನ ಪಕ್ಕದಲ್ಲಿ ಆಯಸ್ಸು ಕಳೆದವನಿಗೆ ಪಿಸುಮಾತು ಬರುವುದಿಲ್ಲ.

ಅದೇ ಹೊತ್ತಿಗೆ ಹೆಂಡತಿ ಒದ್ದೆ ಬಟ್ಟೆಯ ಬಕೆಟ್ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ಕೊನೆಯ ಮೆಟ್ಟಿಲಲ್ಲಿ ಅವಳಿಗೆ ಗಂಡನ ದನಿ ಕೇಳಿಸಿತು.

"ಹೌದು ಸಾರ್, ದೂರದ್ದು ಏನೂ ಕಾಣ್ತಿಲ್ಲ. ಮನುಷ್ಯರೆಲ್ಲ ಇರುವೆ ಥರ ಕಾಣ್ತಾರೆ... ಹತ್ತಿರದ್ದಾ? ಹತ್ತಿರದ್ದು ಹೆಂಗೋ ನಡೆಯುತ್ತೆ. ಯಾರಾದ್ರೂ ಓಡ್ತಾ ಬಂದ್ರೆ ಮುಗೀತು, ಬರೀ ಮಬ್ಬು... ಸಂಜೆ ಆದ್ರಂತೂ ಪೂರ್ತಿ ಕತ್ತಲೆ."

ಹೆಂಡತಿ ಬಕೆಟ್ಟನ್ನು ಸದ್ದಾಗದಂತೆ ಕೆಳಗಿಟ್ಟಳು.

"ಸೆಕೆಂಡ್ ಹ್ಯಾಂಡ್ ಲೆನ್ಸೇ ಹಾಕೋಣ ಸಾರ್, ಒಳ್ಳೇ ಹೊಸದು ನನ್ ಕೈಲಾಗಲ್ಲ. ಯಾರದು ಅದು?... ಓ, ತೀರ್ಕೊಂಡ್ರಾ? ಪಾಪ. ಮಗ ಮಾರ್ತಿದಾನಾ? ಒಳಗೆ ಬೂಷ್ಟು ಗೀಷ್ಟು ಹಿಡಿದಿಲ್ಲ ತಾನೆ?... ಸ್ವಲ್ಪ ಇದೆಯಾ? ಒರೆಸಿದ್ರೆ ಹೋಗುತ್ತಾ? ಹಂಗಾದ್ರೆ ಪರವಾಗಿಲ್ಲ. ಆದ್ರೆ ಬಾಡಿ ತುಂಬಾ ಹಳೇದು ಸಾರ್. ಈ ಬಾಡಿಗೆ ಆಗುತ್ತಾ?... ಅಯ್ಯೋ, ಮನೇಲಿ ಹೇಳಿಲ್ಲ ಸಾರ್. ಹೇಳಿದ್ರೆ ಅವಳು ಎದೆ ಒಡ್ಕೋತಾಳೆ."

ಬಟ್ಟೆ ಒಣಗಲಿಲ್ಲ. ಬಕೆಟ್ಟು ಅಲ್ಲೇ ಕುಳಿತಿತು. ಹೆಂಡತಿ ಕೆಳಗಿಳಿದು ಬಾಗಿಲು ಹಾಕಿಕೊಂಡು ತಾಯಿಗೆ ಫೋನ್ ಮಾಡಿದಳು.

"ಅಮ್ಮಾ, ಇವರಿಗೆ ಕಣ್ಣು ಹೋಗಿದೆ."

"ಎಲ್ಲಿಗೆ?" ಎಂದರು ತಾಯಿ. ಅವರಿಗೆ ಕಿವಿ ಸ್ವಲ್ಪ ಮಂದ.

"ಕಾಣಲ್ವಂತೆ ಅಮ್ಮಾ! ಲೆನ್ಸ್ ಹಾಕಿಸ್ಕೋಬೇಕಂತೆ. ಕಾಸು ಉಳಿಸಕ್ಕೆ ಸತ್ತೋರ ಕಣ್ಣಿಂದು ನೋಡ್ತಿದಾರೆ. ಬೂಷ್ಟು ಹಿಡಿದಿದೆಯಂತೆ, ಒರೆಸಿ ಹಾಕ್ತಾರಂತೆ. 'ಈ ಬಾಡಿಗೆ ಆಗುತ್ತಾ' ಅಂತ ಕೇಳ್ತಿದ್ರು."

"ಬಾಡಿಗೆ ಲೆನ್ಸಾ?" ತಾಯಿ ಕಿರುಚಿದರು. "ಅಯ್ಯೋ ನನ್ನ ಮಗಳೇ, ತಿಂಗಳಾದ ಮೇಲೆ ಬಂದು ಬಿಚ್ಕೊಂಡು ಹೋಗ್ತಾರಲ್ಲೇ! ನಾನು ಈಗ್ಲೇ ಹೊರಟೆ."

ಅತ್ತೆ ಬಂದಿಳಿದಾಗ ಕ್ಲಿಕ್ಕಣ್ಣ ಊಟಕ್ಕೆ ಕೂತಿದ್ದ. ಹೆಂಡತಿ ತಟ್ಟೆಯನ್ನು ಅವನ ಕೈಗೆ ಮುಟ್ಟಿಸಿ, "ಅನ್ನ ಇಲ್ಲಿದೆ, ಸಾರು ಇಲ್ಲಿದೆ" ಎಂದಳು. ಅನ್ನ ಎಲ್ಲಿದೆ ಎಂಬುದು ಮದುವೆಯಾದಾಗಿನಿಂದ ಕ್ಲಿಕ್ಕಣ್ಣನಿಗೆ ತಾನಾಗಿಯೇ ತಿಳಿಯುತ್ತಿತ್ತು. ಆಮೇಲೆ ಅವಳು ಸೆರಗಿನಿಂದ ಮೂಗೊರೆಸಿಕೊಂಡು "ನನಗೆ ಎಲ್ಲಾ ಗೊತ್ತಾಯ್ತು. ಲೆನ್ಸ್ ವಿಷಯ ಯಾಕ್ರೀ ಮುಚ್ಚಿಟ್ರಿ?" ಎಂದಳು.

ಕ್ಲಿಕ್ಕಣ್ಣ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. "ಅದು... ಅಗ್ಗದ್ದೇ ನೋಡ್ತಿದ್ದೆ ಕಣೇ."

"ಅದೇ ನನ್ನ ಹೊಟ್ಟೆ ಉರಿಸಿದ್ದು. ದುಡ್ಡಿನ ಮುಖ ನೋಡ್ಬೇಡಿ. ಹೊಸದೇ ಹಾಕಿಸಿ. ಒಳ್ಳೇ ಕಂಪನಿದೇ ಹಾಕಿಸಿ. ಸತ್ತೋರದ್ದು ಮಾತ್ರ ಬೇಡ."

ಕ್ಲಿಕ್ಕಣ್ಣ ಕಿವಿ ಮುಟ್ಟಿ ನೋಡಿಕೊಂಡ. ಅತ್ತೆ ಮುಂದೆ ಬಂದು, "ಒಂದ್ಯಾಕೆ ಅಳಿಯಂದ್ರೇ, ಎರಡೂ ಹಾಕಿಸಿ. ಮೊದಲು ಒಂದು, ತಿಂಗಳು ಬಿಟ್ಟು ಇನ್ನೊಂದು" ಎಂದರು.

ಎರಡು ಲೆನ್ಸು! ಹಕ್ಕಿಗೊಂದು, ಫುಟ್‌ಬಾಲಿಗೊಂದು! ಕ್ಲಿಕ್ಕಣ್ಣನ ಕಣ್ಣಲ್ಲಿ ನೀರು ತುಂಬಿತು. ತನ್ನ ಕಲೆಗೆ ಕೊನೆಗೂ ಮನೆಯಲ್ಲಿ ಬೆಲೆ ಬಂತಲ್ಲ ಎಂದು ಅವನು ಅತ್ತೆಯ ಕೈ ಹಿಡಿದು ಗಳಗಳ ಅತ್ತ. "ಅಳಬೇಡಿ, ಅಳಬೇಡಿ, ಇರೋ ಕಣ್ಣೂ ಹೋಗುತ್ತೆ" ಎಂದು ಅವರೂ ಅತ್ತರು. ಮೂವರೂ ಮೂರು ಕಾರಣಕ್ಕೆ ಅತ್ತು ಹಗುರಾದರು.

ಮರುದಿನ ಬೆಳಿಗ್ಗೆ ಕ್ಲಿಕ್ಕಣ್ಣ ಗೇಟು ತೆರೆದು ಹೊರಬರುವಷ್ಟರಲ್ಲಿ ಎದುರುಮನೆಯ ರಿಟೈರ್ಡ್ ಮೇಷ್ಟ್ರು ಓಡಿಬಂದು ಅವನ ತೋಳು ಹಿಡಿದರು. "ಮೋರಿ ಇದೆ, ಮೆಲ್ಲಗೆ ದಾಟು. ನಿಮ್ಮತ್ತೆಯಿಂದ ವಿಷಯ ಗೊತ್ತಾಯ್ತಪ್ಪಾ. ಏನೂ ಹೆದರಬೇಡ. ನಾನೂ ಹೋದ ವರ್ಷ ಎರಡೂ ಹಾಕಿಸ್ಕೊಂಡೆ."

ಕ್ಲಿಕ್ಕಣ್ಣನಿಗೆ ಆಶ್ಚರ್ಯವೋ ಆಶ್ಚರ್ಯ. "ನೀವೂನಾ ಸಾರ್? ಗೊತ್ತೇ ಇರ್ಲಿಲ್ಲ. ಹಾಕಿಸಿದ ಮೇಲೆ ಹೇಗಿದೆ?"

"ಮೊದಮೊದಲು ಕಿರಿಕಿರಿ. ಈಗ ನಮ್ಮನೆ ಜಗಲೀಲಿ ಕೂತ್ರೆ ನಿಮ್ಮನೆ ಗಡಿಯಾರ ಕಾಣುತ್ತೆ. ಆದ್ರೆ ಒಂದು ಮಾತು. ಸ್ವಲ್ಪ ದಿನ ತಲೆಗೆ ನೀರು ಸೋಕಿಸಬಾರದು. ತೇವ ಆಗಬಾರದು."

"ತೇವ ಆದ್ರೆ ಬೂಷ್ಟು ಹಿಡಿಯುತ್ತೆ ಅಲ್ವಾ ಸಾರ್?" ಎಂದ ಕ್ಲಿಕ್ಕಣ್ಣ, ಅನುಭವಸ್ಥನ ಗಾಂಭೀರ್ಯದಿಂದ.

ಮೇಷ್ಟ್ರು ಬೆಚ್ಚಿದರು. ಬೂಷ್ಟಿನ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಅವನ ತೋಳು ಬಿಟ್ಟು, ತಮ್ಮ ಕಣ್ಣನ್ನು ತಾವೇ ಮುಟ್ಟಿಕೊಳ್ಳುತ್ತ ಒಳಗೆ ಹೋದರು. ಕ್ಲಿಕ್ಕಣ್ಣ ಮಾತ್ರ ಈ ಬೀದಿಯಲ್ಲಿ ಇಷ್ಟು ವರ್ಷ ಒಬ್ಬ ಛಾಯಾಗ್ರಾಹಕ ಅಡಗಿದ್ದನಲ್ಲ ಎಂದು ಹಿಗ್ಗುತ್ತ ಡಿಪೋದ ದಾರಿ ಹಿಡಿದ.

ಮೇಷ್ಟ್ರ ಮನೆಯ ಹಾಲು ಕಂಡಕ್ಟರನ ಮನೆಯಿಂದಲೇ ಹೋಗುತ್ತಿತ್ತು. ಹಾಲಿನ ಕ್ಯಾನು ವಾಪಸು ಬರುವಾಗ ಸುದ್ದಿಯನ್ನೂ ಹೊತ್ತು ತಂದಿತ್ತು. ಹೀಗಾಗಿ ಅಂದು ಕಂಡಕ್ಟರು ಟಿಕೆಟ್ ಕೊಡುವುದು ಬಿಟ್ಟು ಡ್ರೈವರ್ ಸೀಟಿನ ಪಕ್ಕದಲ್ಲೇ ಕಂಬ ಹಿಡಿದು ನಿಂತ.

"ಅಣ್ಣಾ, ಎಡಗಡೆ ಸೈಕಲ್ಲು."

"ಕಾಣ್ತಿದೆ ಕಣೋ."

"ಅಣ್ಣಾ, ಮುಂದೆ ನಾಯಿ. ಕಂದು ಬಣ್ಣದ್ದು."

"ಕಾಣ್ತಿದೆ ಅಂದ್ನಲ್ಲ!"

"ಕಾಣ್ತಿದೆ ಅಂತಾನೆ, ಪಾಪ" ಎಂದು ಕಂಡಕ್ಟರು ಹಿಂದೆ ತಿರುಗಿ ಜನರಿಗೆ ಹೇಳಿದ. "ಕಣ್ಣಿಗೆ ಲೆನ್ಸ್ ಹಾಕಿಸ್ಬೇಕು, ಅಲ್ಲೀವರೆಗೂ ಹೆಂಗೋ ದಬ್ಬಬೇಕು."

ಬಸ್ಸಿನೊಳಗಿನವರು ತಮ್ಮ ತಮ್ಮ ಚೀಲ ಎತ್ತಿಕೊಂಡರು. ಆಮೇಲೆ ಎಲ್ಲರಿಗೂ ಏಕಕಾಲದಲ್ಲಿ ಇಳಿಯುವ ಜಾಗ ಬಂತು. ನಿಲ್ದಾಣವಿಲ್ಲದ ಕಡೆ ಗಂಟೆ ಬಾರಿಸಿ, ಇಡೀ ಬಸ್ಸು ಖಾಲಿಯಾಯಿತು. ಇಳಿಯುವಾಗ ಒಬ್ಬಾಕೆ ಕ್ಲಿಕ್ಕಣ್ಣನ ಭುಜ ಸವರಿ "ಬೇಗ ವಾಸಿಯಾಗ್ಲಿ ಮಗಾ" ಎಂದು ಹೋದಳು. ಕಂಡಕ್ಟರನ ಮಾತು ಇಂಜಿನ್ ಸದ್ದಿನಲ್ಲಿ ಮುಳುಗಿದ್ದರಿಂದ, ಏನು ವಾಸಿಯಾಗಬೇಕು ಎಂದು ಅವನಿಗೆ ಹೊಳೆಯಲಿಲ್ಲ. ರಸ್ತೆಯಲ್ಲಿ ನಿಂತ ನಲವತ್ತು ಜನ ಮುಂದಿನ ಬಸ್ಸಿಗೆ ಕೈ ಅಡ್ಡ ಹಿಡಿದರು.

ಡಿಪೋಗೆ ಬಂದೊಡನೆ ಮ್ಯಾನೇಜರಿಂದ ಕರೆ. ಕಂಡಕ್ಟರೂ ಹಿಂದೆಯೇ ಬಂದು ಬಾಗಿಲಲ್ಲಿ ನಿಂತ. ಮ್ಯಾನೇಜರು ಕೆಟ್ಟವರಲ್ಲ. ಆದರೆ ಅಪಘಾತ ಎಂಬ ಶಬ್ದಕ್ಕೆ ಅವರಿಗೆ ಬೆವರು ಬರುತ್ತಿತ್ತು, ಮತ್ತು ಆ ಶಬ್ದವನ್ನು ಅವರು ದಿನವಿಡೀ ಹೇಳಿಕೊಳ್ಳುತ್ತಿದ್ದರು.

"ಲೆನ್ಸ್ ಯಾವಾಗ ಹಾಕಿಸ್ತೀಯಯ್ಯಾ?"

"ಭಾನುವಾರದೊಳಗೆ ಸಾರ್, ಫೈನಲ್ ಹೊತ್ತಿಗೆ!" ಕ್ಲಿಕ್ಕಣ್ಣನ ಮುಖ ಅರಳಿತು. ಮ್ಯಾನೇಜರೂ ಕಲಾರಸಿಕರಾದರಲ್ಲ!

"ಈಗ ಇರೋದ್ರಲ್ಲಿ ಎಷ್ಟು ದೂರ ಕಾಣುತ್ತೆ?"

"ಏನು ಕಾಣುತ್ತೆ ಸಾರ್, ರಸ್ತೆ ಆಚೆ ಬದಿಗೆ ಹೋದ್ರೆ ಎಲ್ಲಾ ಚುಕ್ಕೀನೇ. ಹೋದ ವರ್ಷ ನಿಮ್ಮನ್ನೇ ಗೋಲು ಕಂಬ ಅಂದ್ಕೊಂಡಿರ್ಲಿಲ್ವಾ?"

ಮ್ಯಾನೇಜರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದರು. "ಇದನ್ನ ಇಟ್ಕೊಂಡು ಎಷ್ಟು ವರ್ಷದಿಂದ ನಡೆಸ್ತಿದೀಯ?"

"ತುಂಬಾ ವರ್ಷ ಆಯ್ತು ಸಾರ್. ಅಭ್ಯಾಸ ಆಗ್ಬಿಟ್ಟಿದೆ. ಅಂದಾಜಿನ ಮೇಲೆ ಗುರಿ ಇಡೋದು, ಕಣ್ಮುಚ್ಕೊಂಡು ಒತ್ತಿಬಿಡೋದು. ಸಿಕ್ಕಿದೋರು ಸಿಕ್ಕಿದ್ರು, ತಪ್ಪಿಸ್ಕೊಂಡೋರು ತಪ್ಪಿಸ್ಕೊಂಡ್ರು."

ಮ್ಯಾನೇಜರು ಮೇಜಿನ ಮೇಲಿದ್ದ ನೀರನ್ನು ಕುಡಿದರು. ಆಮೇಲೆ ಹೂಜಿಯ ನೀರನ್ನೂ ಕುಡಿದರು. ಆಮೇಲೆ ಕೈ ಚಾಚಿದರು. "ಬಸ್ಸಿನ ಕೀಲಿ ಕೊಡು. ಕುರುಡನ ಕೈಗೆ ಬಸ್ಸು ಕೊಟ್ಟು ಇಷ್ಟು ವರ್ಷ ನಿದ್ದೆ ಮಾಡಿದ್ನಲ್ಲಾ ನಾನು! ನಾಳೆ ಕಣ್ಣಿನ ಡಾಕ್ಟ್ರ ಹತ್ರ ಹೋಗೋಣ. ಅವರು ಸರಿಯಿಲ್ಲ ಅಂದ್ರೆ ಟೈರ್ ಗೋಡೌನಲ್ಲಿ ಕೂತ್ಕೋ. ಈ ಜನ್ಮಕ್ಕೆ ಸ್ಟೀರಿಂಗ್ ಮುಟ್ಟಬೇಡ."

ಆಗ, ಇಷ್ಟು ಹೊತ್ತಿಗೆ, ಕ್ಲಿಕ್ಕಣ್ಣನ ತಲೆಯೊಳಗೆ ದೀಪ ಹತ್ತಿತು. ತೋಳು ಹಿಡಿದ ಮೇಷ್ಟ್ರು, ಕಂದು ನಾಯಿ, ಭುಜ ಸವರಿದಾಕೆ, ಎಲ್ಲರೂ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು. "ಸಾರ್, ಅದು ಕಣ್ಣಿನ ಲೆನ್ಸಲ್ಲ! ಕ್ಯಾಮೆರಾ ಲೆನ್ಸು!" ಎಂದು ಕೂಗಿದ.

"ಕೆಲಸ ಹೋಗುತ್ತೆ ಅಂದಾಗ ಎಲ್ಲರೂ ಹೀಗೇ ಕಥೆ ಕಟ್ತಾರೆ" ಎಂದರು ಮ್ಯಾನೇಜರು ಮರುಕದಿಂದ. "ಬಾಗಿಲು ಆ ಕಡೆ. ಕಂಡಕ್ಟರೇ, ಕೈ ಹಿಡ್ಕೊಂಡು ಹೋಗು."

ಕೀಲಿ ಇಲ್ಲದ ಜೇಬಿಗೆ ಕೈ ಹಾಕಿಕೊಂಡು ಕ್ಲಿಕ್ಕಣ್ಣ ಮನೆಗೆ ನಡೆದ. ಅವನಿಗೆ ನಿಜಕ್ಕೂ ಸಂಕಟವಾಯಿತು. ಆ ಸೀಟು ಅವನ ಬೆನ್ನಿನ ಆಕಾರಕ್ಕೇ ತಗ್ಗಿತ್ತು. ಬೇರೆ ಯಾರ ಬೆನ್ನೂ ಅದಕ್ಕೆ ಹೊಂದುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಬುದ್ಧಿ ನೆಟ್ಟಗಿದ್ದವನು ಹೆಂಡತಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದ. ಹೇಳಬೇಕು ಎಂದು ಕ್ಲಿಕ್ಕಣ್ಣನೂ ಬಾಯಿ ತೆರೆದ. ಅಷ್ಟರಲ್ಲಿ ಅವಳು, "ಫಾರಿನ್ ಲೆನ್ಸ್ ಇನ್ನೂ ಚೆನ್ನಾಗಿರುತ್ತಂತೆ, ಅದನ್ನೇ ಹಾಕಿಸೋಣ" ಎಂದಳು. ಅವನು ತೆರೆದ ಬಾಯಿಗೆ ಅನ್ನ ಹಾಕಿಕೊಂಡು ಸುಮ್ಮನಾದ. ಮೊದಲು ಡಾಕ್ಟರು ಕಣ್ಣು ಸರಿಯಿದೆ ಎನ್ನಲಿ, ಕೀಲಿ ಕೈಗೆ ಬರಲಿ, ಲೆನ್ಸಿನ ವಿಷಯ ಆಮೇಲೆ ನೋಡಿದರಾಯಿತು ಎಂಬುದು ಅವನ ಲೆಕ್ಕಾಚಾರ. ಅವನ ಲೆಕ್ಕಾಚಾರ ಎಂದೂ ಅದಕ್ಕಿಂತ ಮುಂದೆ ಹೋದದ್ದಿಲ್ಲ.

ಕಣ್ಣಿನ ಡಾಕ್ಟರ ಕೋಣೆಗೆ ಬಾಗಿಲಿರಲಿಲ್ಲ, ಹಸಿರು ಪರದೆ ಮಾತ್ರ ಇತ್ತು. ಪರದೆಯ ಈಚೆಗಿನ ಬೆಂಚಿನಲ್ಲಿ ಹೆಂಡತಿ, ಅತ್ತೆ, ಮ್ಯಾನೇಜರು ಕೂತರು. ಒಳಗೆ ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ಕ್ಲಿಕ್ಕಣ್ಣ ಮೇಲಿನಿಂದ ಕೆಳಗಿನವರೆಗೆ ಸರಸರ ಓದಿ, ಕೊನೆಯ ಅಂಚಿನಲ್ಲಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿ, "ಇನ್ನೇನಾದ್ರೂ ಇದೆಯಾ ಸಾರ್?" ಎಂದು ಕೇಳಿದ. ಆ ವಿಳಾಸ ಅಲ್ಲಿದೆ ಎಂಬುದೇ ಡಾಕ್ಟರಿಗೆ ಗೊತ್ತಿರಲಿಲ್ಲ. ಎದ್ದು ಹತ್ತಿರ ಹೋಗಿ ನೋಡಿ ಬಂದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಡಾಕ್ಟರ ಬೆನ್ನ ಹಿಂದೆ ಒಂದು ಫೋಟೋ ತೂಗುತ್ತಿತ್ತು. ಹದ್ದು. ಅದರ ಒಂದೊಂದು ಗರಿಯನ್ನೂ ಎಣಿಸಬಹುದಿತ್ತು.

"ಸಾರ್, ಇದು ನೀವು ತೆಗೆದದ್ದಾ? ಯಾವ ಲೆನ್ಸ್ ಹಾಕಿ?" ಎಂದ ಕ್ಲಿಕ್ಕಣ್ಣ.

ಡಾಕ್ಟರ ಮುಖ ಬೆಳಗಿತು. ದಿನವಿಡೀ ಪೊರೆ ಬಂದ ಕಣ್ಣು ನೋಡುವ ಅವರಿಗೆ ಈ ಪ್ರಶ್ನೆಯನ್ನು ಇದುವರೆಗೆ ಯಾವ ರೋಗಿಯೂ ಕೇಳಿರಲಿಲ್ಲ. ಕಾರಣ ರೋಗಿಗಳಿಗೆ ಆ ಫೋಟೋ ಕಾಣುತ್ತಲೇ ಇರಲಿಲ್ಲ. ಡಾಕ್ಟರು ಕುರ್ಚಿ ಎಳೆದುಕೊಂಡು ಮನಸ್ಸು ಬಿಚ್ಚಿದರು. ಕ್ಲಿಕ್ಕಣ್ಣ ತನ್ನ ಕಷ್ಟವನ್ನೆಲ್ಲ ಹೇಳಿಕೊಂಡ. ಬೆಂಚಿನವರಿಗೆ ಈ ಪಾಠ ಶುರುವಿನಿಂದ ಕೇಳಿಸಲಿಲ್ಲ. ಡಾಕ್ಟರ ದನಿ ಏರಿದಲ್ಲಿಂದ ಕೇಳಿಸಿತು.

"ನಿಮ್ಮ ಬಾಡಿ ಮುಗೀತು ಅಂತಲೇ ಇಟ್ಕೊಳ್ಳಿ. ಇನ್ನೊಂದು ವರ್ಷ ಬಂದ್ರೆ ಹೆಚ್ಚು."

ಹೆಂಡತಿ ತಾಯಿಯ ಕೈ ಹಿಡಿದುಕೊಂಡಳು.

"ಆದ್ರೆ ಬಾಡಿ ಬಗ್ಗೆ ಚಿಂತೆ ಮಾಡಬೇಡಿ. ಬಾಡಿ ಇವತ್ತು ಇರುತ್ತೆ, ನಾಳೆ ಹೋಗುತ್ತೆ. ಕೊನೆಗೆ ಉಳಿಯೋದು ಲೆನ್ಸ್ ಮಾತ್ರ."

"ಎಂಥಾ ಮಾತು!" ಎಂದು ಅತ್ತೆ ಕಣ್ಣು ಮುಚ್ಚಿದರು. ಮ್ಯಾನೇಜರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಬರೀ ಉದ್ದ ನೋಡಿ ಮೋಸ ಹೋಗ್ಬೇಡಿ," ಡಾಕ್ಟರು ಮುಂದುವರಿಸಿದರು, "ಬೆಳಕು ಎಷ್ಟು ಒಳಗೆ ಬಿಡುತ್ತೆ ನೋಡಿ. ಕೈ ನಡುಗಿದ್ರೂ ತಡೆಯೋ ಅಂಥದ್ದು ತಗೊಳ್ಳಿ. ಆ ಸತ್ತೋರದ್ದಾದ್ರೆ ಒಳಗೆ ಟಾರ್ಚ್ ಬಿಟ್ಟು ನೋಡಿ, ಬೂಷ್ಟು ಬಲೆ ಥರ ಹರಡಿದ್ರೆ ಮುಟ್ಟಲೇಬೇಡಿ. ಬೇಕಾದ್ರೆ ಒಂದು ಕೆಲಸ ಮಾಡೋಣ. ನಂದೇ ಹಳೇ ಲೆನ್ಸ್ ಬಿಚ್ಚಿ ಕೊಟ್ಬಿಡ್ತೀನಿ. ನಾನು ಹೆಂಗೂ ದೊಡ್ಡದು ಹಾಕ್ಕೊಂಡಿದೀನಿ."

ಪರದೆಯ ಈಚೆ ಅತ್ತೆಗೆ ಇನ್ನು ತಡೆಯಲಾಗಲಿಲ್ಲ. ತನ್ನ ಕಣ್ಣಿನಿಂದ ಬಿಚ್ಚಿ ರೋಗಿಗೆ ಕೊಡುವ ಡಾಕ್ಟರನ್ನು ಅವರು ಎಲ್ಲೂ ಕಂಡಿರಲಿಲ್ಲ. ಪರದೆ ಸರಿಸಿ ಒಳಗೆ ನುಗ್ಗಿದವರೇ "ಬೇಡ ಡಾಕ್ಟ್ರೇ! ನೀವು ಇನ್ನೂ ಬಾಳಿ ಬದುಕಬೇಕಾದೋರು! ಬೇಕಾದ್ರೆ ನಂದು ಬಿಚ್ಚಿ!" ಎಂದು ಕಣ್ಣು ಅಗಲಿಸಿ ನಿಂತರು. ಹಿಂದೆಯೇ ಹೆಂಡತಿ, ಅವಳ ಹಿಂದೆ ಮ್ಯಾನೇಜರು.

ಡಾಕ್ಟರು ಗಾಬರಿಯಾದರು. "ಯಾರಿಗೂ ಏನೂ ಬಿಚ್ಚೋದು ಬೇಡ. ಇವರ ಕಣ್ಣು ಭರ್ಜರಿಯಾಗಿದೆ. ಇಂಥ ಕಣ್ಣು ನನ್ನ ಸರ್ವಿಸಿನಲ್ಲೇ ನೋಡಿಲ್ಲ. ಇವರಿಗೆ ಯಾವ ಲೆನ್ಸೂ ಬೇಕಾಗಿಲ್ಲ!"

ಮ್ಯಾನೇಜರು ಟೋಪಿಯನ್ನು ಮತ್ತೆ ತಲೆಗೇರಿಸಿದರು. ಆಮೇಲೆ ಜೇಬಿನಿಂದ ಕೀಲಿ ತೆಗೆದು ಕ್ಲಿಕ್ಕಣ್ಣನ ಅಂಗೈಯಲ್ಲಿಟ್ಟು, ಮುಷ್ಟಿಯನ್ನು ತಾವೇ ಮುಚ್ಚಿದರು. ಕ್ಲಿಕ್ಕಣ್ಣನಿಗೆ ಎದೆ ತುಂಬಿ ಬಂತು. ಹೆಂಡತಿ ಎಲ್ಲರೆದುರೇ ಅವನ ತೋಳಿಗೆ ಹಣೆ ಆನಿಸಿದಳು. ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಅವಳು ತಲೆಯೆತ್ತಿ, "ಮತ್ತೆ ನಿಮ್ಮ ಹಳೇ ಲೆನ್ಸ್ ಕೊಡ್ತೀನಿ ಅಂದ್ರಲ್ಲ ಡಾಕ್ಟ್ರೇ, ಅದು?" ಎಂದು ಕೇಳಿದಳು.

"ಓ ಅದಾ! ಅದು ಕ್ಯಾಮೆರಾದ್ದು ಕಣಮ್ಮಾ," ಎಂದರು ಪುಣ್ಯಾತ್ಮರು ನಗುನಗುತ್ತ. "ಹಕ್ಕಿ ಹಿಡಿಯಕ್ಕೆ, ಫುಟ್‌ಬಾಲ್ ಹಿಡಿಯಕ್ಕೆ. ನಿಮ್ಮ ಯಜಮಾನರು ಎಷ್ಟೋ ದಿನದಿಂದ ಅಂಗಡಿ ಅಂಗಡಿ ಹುಡುಕ್ತಿದಾರಂತಲ್ಲ, ನಿಮಗೆ ಹೇಳಿಲ್ವಾ?"

ಹೆಂಡತಿ ಕ್ಲಿಕ್ಕಣ್ಣನ ತೋಳು ಬಿಟ್ಟಳು. ಅತ್ತೆ ಅಗಲಿಸಿದ್ದ ಕಣ್ಣನ್ನು ಕಿರಿದು ಮಾಡಿದರು. ಮ್ಯಾನೇಜರು ಛಾವಣಿಯ ಫ್ಯಾನು ಎಷ್ಟು ಸುತ್ತುತ್ತದೆ ಎಂದು ಆಸಕ್ತಿಯಿಂದ ನೋಡತೊಡಗಿದರು. ಕ್ಲಿಕ್ಕಣ್ಣ "ಅದೂ... ನಾನೇ ಹೇಳೋಣ ಅಂತಿದ್ದೆ ಕಣೇ..." ಎನ್ನುತ್ತ ಪರದೆಯ ಕಡೆ ಸರಿದ.

ಅವಳು ಬೈಯಲಿಲ್ಲ. ಡಾಕ್ಟರ ಕಡೆ ತಿರುಗಿ, ತುಂಬ ವಿನಯದಿಂದ ಕೇಳಿದಳು: "ಡಾಕ್ಟ್ರೇ, ಇವರಿಗೆ ಯಾವ ಲೆನ್ಸೂ ಬೇಡ ಅಂತ ನೀವೇ ಅಂದ್ರಿ ತಾನೆ?"

"ಅಂದೆ. ಆದ್ರೆ ನಾನು ಹೇಳಿದ್ದು ಕಣ್ಣಿನ—"

"ಯಾವ ಲೆನ್ಸೂ ಅಂದ್ರಿ. ನಾವೆಲ್ಲ ಕೇಳಿಸ್ಕೊಂಡ್ವಿ."

"ಕೇಳಿಸ್ತು, ಕೇಳಿಸ್ತು" ಎಂದರು ಅತ್ತೆ. ಈ ಸಲ ಅವರ ಕಿವಿಗೆ ಏನೂ ಆಗಿರಲಿಲ್ಲ.

"ಹಂಗಾದ್ರೆ ಅಷ್ಟನ್ನ ಬರ್ಕೊಡಿ. ಡಿಪೋಗೊಂದು, ಮನೆಗೊಂದು. ಸೀಲೂ ಹಾಕಿ."

ಡಾಕ್ಟರು ಕ್ಲಿಕ್ಕಣ್ಣನ ಮುಖ ನೋಡಿದರು, ಅವನ ಹೆಂಡತಿಯ ಮುಖ ನೋಡಿದರು, ಪೆನ್ನು ಕೈಗೆತ್ತಿಕೊಂಡರು. ಅವರ ಅಕ್ಷರ ಔಷಧಿ ಅಂಗಡಿಯವರಿಗೂ ತಿಳಿಯದಂಥದ್ದು. ಆದರೆ ಕ್ಲಿಕ್ಕಣ್ಣನ ಕಣ್ಣು ಅಂಥಿಂಥ ಕಣ್ಣಲ್ಲವಲ್ಲ. ಪರದೆಯ ಹತ್ತಿರ, ಕೀಲಿ ಹಿಡಿದ ಕೈಯನ್ನು ಎದೆಗೆ ಒತ್ತಿಕೊಂಡು ನಿಂತಲ್ಲಿಂದಲೇ, ಮೇಜಿನ ಮೇಲಿನ ಆ ಹಾಳೆಯನ್ನು ತಲೆಕೆಳಗಾಗಿ ಒಂದಕ್ಷರವೂ ಬಿಡದೆ ಅವನು ಓದಿದ: "ಇವರಿಗೆ ಆಜೀವಪರ್ಯಂತ ಯಾವುದೇ ಲೆನ್ಸಿನ ಅಗತ್ಯವಿರುವುದಿಲ್ಲ."